ಇನ್ನು ನಿನ್ನ ರೆಗ್ಯುಲೇಟರ್ ಬೇಡ

ಮಾರ್ಚ್ ೧೪

ಪ್ರೀತಿಯ ಗುಂಡ,

ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ತಿಳಿದಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ, ಅಷ್ಟು ಕೆಟ್ಟ ಮಾತು ಬರುತ್ತಿತ್ತು. ಇದನ್ನು ಹರಿಯುವುದಿಲ್ಲ.

ಮೊದಲು ಸುದ್ದಿ. ಸಮುದ್ರದಾಳದ ಡೈವಿಂಗಿಗೆ ನನ್ನದೇ ಸಾಮಾನು ಕೊಂಡೆ. ಅಂಗಡಿಯವನು ನನ್ನ ಕಡೆ ತಿರುಗಿಯೂ ನೋಡದೆ ನಿನ್ನ ಭಾವನನ್ನು ಕೇಳಿದ: "ಸರ್, ನಿಮಗೆ ಯಾವ ಸೈಜು?" ಇವರು, "ನಂಗೆ ಬಕೆಟ್ ನೀರು ಕಂಡ್ರೇ ಭಯ ಕಣ್ರೀ, ಅವಳನ್ನ ಕೇಳಿ" ಎಂದರು. ಆಗ ಕಣ್ಣು ಮೂಗು ಮುಚ್ಚುವ ಗುಲಾಬಿ ಬಣ್ಣದ ಮಾಸ್ಕ್ ತಂದ. "ಬಣ್ಣ ಆಮೇಲೆ, ಮೊದಲು ಮುಖಕ್ಕೆ ಕೂರುತ್ತಾ ನೋಡೋಣ" ಎಂದೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು, ಕೈ ಬಿಟ್ಟರೆ ಮಾಸ್ಕ್ ಬೀಳಬಾರದು. ಗುಲಾಬಿಯದು ಬಿತ್ತು. ಕೊನೆಗೆ ನಿಂತದ್ದು ಒಂದು ಕುರೂಪಿ ಕಪ್ಪು ಮಾಸ್ಕ್.

ಮೈಗೆ ಅಂಟಿ ಕೂರುವ ವೆಟ್‌ಸೂಟಿಗೂ ಜಗಳವೇ. ಊರವರಿಗೆಲ್ಲ ಬಟ್ಟೆ ಹೊಲಿಯುವ ನನಗೆ ಅವನು "ಸ್ವಲ್ಪ ಲೂಸ್ ಇದ್ರೆ ಆರಾಮು ಮೇಡಂ" ಎನ್ನುತ್ತಾನೆ! ಲೂಸ್ ಇದ್ದರೆ ಒಳಗೆ ತಣ್ಣೀರು ಓಡಾಡುತ್ತದೆ. ಕಂಕುಳು, ಬೆನ್ನು, ಮೊಣಕಾಲು ಎಲ್ಲೂ ಗಾಳಿ ನಿಲ್ಲದ ಸೂಟು ಸಿಗುವವರೆಗೆ ಅಲ್ಲಿಂದ ಕದಲಲಿಲ್ಲ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರನ್ನಂತೂ ಅವರ ಹಿತ್ತಲಿನ ಕೊಳದಲ್ಲಿ ಮುಳುಗಿ, ಉಸಿರಾಡಿ ನೋಡಿಯೇ ಕೊಂಡದ್ದು.

ಇಷ್ಟೆಲ್ಲ ಹಟ ಯಾಕೆಂದು ನಿನಗೆ ಗೊತ್ತು. ಆ ದಿನ ದೋಣಿಯಲ್ಲಿ ನಿನ್ನ ಹಳೆಯ ರೆಗ್ಯುಲೇಟರ್ ನನ್ನ ಕೈಗಿಟ್ಟು, "ಸರ್ವಿಸ್ ಆಗಿದೆ ಅಕ್ಕ, ಕಣ್ಮುಚ್ಕೊಂಡು ಹಾಕ್ಕೋ" ಎಂದೆ. ಕಣ್ಮುಚ್ಚಿಯೇ ಹಾಕಿಕೊಂಡೆ. ಆಳದಲ್ಲಿ ಉಸಿರೆಳೆದರೆ ಬಾಯಿಗೆ ನೀರು. ಊದಿ ಹೊರಹಾಕಿ ಮತ್ತೆ ಎಳೆದೆ, ಮತ್ತೆ ನೀರು. ನನ್ನ ಮೇಲೆ ಕಣ್ಣಿಡಬೇಕೆಂದೇ ಜೋಡಿಯಾಗಿ ಇಳಿದವನು ನೀನು. ನೀನೋ ಮುಂದೆಲ್ಲೋ ಮೀನಿನ ಫೋಟೋ ತೆಗೆಯುತ್ತಿದ್ದೆ. ನಮ್ಮ ಜೊತೆ ಇಳಿದಿದ್ದ ತರಬೇತುದಾರ್ತಿ ಕಂಡು, ಓಡಿ ಬಂದವಳಂತೆ ಈಜಿ ಬಂದು, ತನ್ನ ಸಿಲಿಂಡರಿನ ಎರಡನೆಯ ಉಸಿರು ನಳಿಕೆ ನನ್ನ ಬಾಯಿಗಿಟ್ಟಳು. ಅವಳ ತೋಳು ಹಿಡಿದು ನಿಧಾನವಾಗಿ ಮೇಲೆ ಬಂದೆ.

ದೋಣಿ ಹತ್ತಿದ ಮೇಲೆ ನೀನು ಹೇಳಿದ್ದೇನು? "ಏನಿಲ್ಲ, ನಮ್ಮಕ್ಕ ಹೆದರಿಬಿಟ್ಳು." ಎಲ್ಲರೂ ನಕ್ಕರು. ನಾನು ಇನ್ನೂ ಉಪ್ಪು ನೀರು ಕೆಮ್ಮುತ್ತಿದ್ದೆ.

ಆ ರೆಗ್ಯುಲೇಟರನ್ನು ಬಿಚ್ಚಿಸಿದೆ. ಒಳಗೆ ನೀರು ತಡೆಯುವ ರಬ್ಬರ್ ಹಾಳೆ ಅಂಚಿನುದ್ದಕ್ಕೂ ಸೀಳಿತ್ತು. ಆದರೂ ನಿನಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡೆ. ಮೊನ್ನೆ ಫೋನಿನಲ್ಲಿ ನಿನ್ನ ಹೆಂಡತಿ ಸಹಜವಾಗಿ ಹೇಳಿದಳು: "ಅದರಲ್ಲಿ ನೀರು ಬರುತ್ತೆ ಅಂತಾನೇ ಅಲ್ವಾ ಅತ್ತಿಗೆ, ಇವರು ಹೊಸದು ತಗೊಂಡಿದ್ದು?" ನಾನು ಫೋನ್ ಇಟ್ಟುಬಿಟ್ಟೆ. ಅವಳನ್ನು ಬೈಯಬೇಡ, ಪಾಪ, ಅವಳಿಗೇನೂ ತಿಳಿಯದು.

ಗೊತ್ತಿದ್ದೂ ಕೊಟ್ಟೆಯಲ್ಲೋ! ಅಕ್ಕ ಆಳಕ್ಕೆಲ್ಲಿ ಹೋಗುತ್ತಾಳೆ, ಮೇಲೆ ಮೇಲೆ ಈಜಿ ಬರುತ್ತಾಳೆ ಎಂದುಕೊಂಡೆಯಾ? ನಿನ್ನ ಸಾಮಾನು ಪಾರ್ಸೆಲ್ ಮಾಡಿದ್ದೇನೆ. ಯಾರಿಗೂ ಕೊಡಬೇಡ, ಎಸೆ.

ಎಷ್ಟಾದರೂ ನನ್ನ ಬೆನ್ನಿಗೆ ಬಿದ್ದ ತಮ್ಮ ನೀನು. ಮೈಕೈ ಗಟ್ಟಿಯಾಗಿರಲಿ, ಇಳಿದಷ್ಟು ಸಲವೂ ಕ್ಷೇಮವಾಗಿ ಮೇಲೆ ಬಾ.

ಕೋಪ ಇನ್ನೂ ಇಳಿಯದ
ನಿನ್ನ ಅಕ್ಕ

ಮರೆತಿದ್ದೆ: ನಿನ್ನೆ ಮಗಳಿಗೆ, "ರಜೆಯಲ್ಲಿ ನಾವಿಬ್ಬರೂ ಜೋಡಿಯಾಗಿ ಇಳಿಯೋಣ್ವಾ?" ಎಂದೆ. ಅವಳು ನನ್ನ ಮುಖ ನೋಡದೆ, "ಬೇಡಮ್ಮ, ನಾನು ಮಾಮನ ಜೊತೆ ಇಳೀತೀನಿ. ನೀನು ಹೆದರ್ಕೋತೀಯ" ಎಂದಳು. ಅಂದು ದೋಣಿಯಲ್ಲಿ ನಿನ್ನ ಪಕ್ಕದಲ್ಲೇ ಕೂತಿದ್ದಳಲ್ಲ. ನಡೆದದ್ದನ್ನು ನಾನು ಹೇಳಿದರೆ ಹೆದರಿದವಳ ನೆಪವಾಗುತ್ತದೆ. ನೀನೇ ಬಂದು ಅವಳಿಗೆ ಹೇಳು. ಹೇಳುವವರೆಗೆ ಅವಳು ನಿನ್ನ ಜೊತೆ ನೀರಿಗಿಳಿಯುವುದಿಲ್ಲ.