ಕತ್ತರಿಸದೆ ಬಿಟ್ಟ ಗಂಟು

ಡೆಲ್ಫಿನ್ ಅಣ್ಣಾ,

ಉಪ್ಪುಗಾಳಿಗೆ ನಿನ್ನ ಕಂಪ್ಯೂಟರಿನ ಕ್ಯಾಬಿನೆಟ್ ತುಕ್ಕು ತಿಂದು ತೂತು ಬಿದ್ದಿತ್ತು. ಇವತ್ತು ನಿನ್ನ ಗೆಳೆಯ ರೊಮುಲೊ ಬಂದು ಒಳಗಿನದನ್ನೆಲ್ಲ ಹೊಸದಕ್ಕೆ ಸಾಗಿಸಿದ. ವೈರುಗಳನ್ನು ನೀನು ಗಾಳದ ದಾರದಲ್ಲಿ ಬಿಗಿದಿದ್ದೆ. ಒಂದೊಂದು ಗಂಟನ್ನೂ ನಾನು ಉಗುರಿನಿಂದ ಬಿಡಿಸುತ್ತ ಕೂತೆ.

"ಕತ್ತರಿ ತಗೋ, ಇಂದಾಯ್. ನೀನೇನು ಬಲೆ ರಿಪೇರಿ ಮಾಡ್ತಿದ್ದೀಯಾ?" ಎಂದ.

ಕೊನೆಯ ಗಂಟು ಮಾತ್ರ ಬಿಚ್ಚಿಕೊಳ್ಳಲಿಲ್ಲ. ಅದು ಅಡ್ಡವಿದ್ದರೆ ಪಕ್ಕದ ಮುಚ್ಚಳ ಕೂರುವುದಿಲ್ಲವಂತೆ.

"ಕತ್ತರಿಸ್ಲಾ?"

"ಬೇಡ."

ನೀನು ಕಡಲಿನಿಂದ ಮರಳದ ದಿನ ಹುಡುಕಲು ಹೋದವರಲ್ಲಿ ಅವನೂ ಒಬ್ಬ. "ಸರಿ, ಇರ್ಲಿ ಬಿಡು," ಎಂದು ಮುಚ್ಚಳದ ಸ್ಕ್ರೂಗಳನ್ನು ನನ್ನ ಕೈಗಿಟ್ಟ.

ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿದೆ. ಹೀಗೆ ತೆರೆದಿಟ್ಟರೆ ಹಲ್ಲಿ ಒಳಗೆ ಮೊಟ್ಟೆಯಿಡುತ್ತದೆ ಎಂದು ನೀನು ಬೈಯುತ್ತಿದ್ದೆ.

ಬಂದು ಬೈಯಿ.