ಮುಚ್ಚಿದ ಬಾಗಿಲ ಹಿಂದಿನ ಬ್ಯಾಂಜೊ

ಮಿಜಾರು
೧೪-೯-೧೯೬೬

ಪ್ರೀತಿಯ ಧರ್ಣಣ್ಣನಿಗೆ ನಿನ್ನ ತಂಗಿ ಲೋಲಾಕ್ಷಿಯ ನಮಸ್ಕಾರ.

ಮೊದಲು ನಿನ್ನ ಕೈಯ ವಿಷಯ ಬರೆ. ಹಡಗಿನಲ್ಲಿ ಪೆಟ್ಟಿಗೆ ಜಾರಿ ಬಲಗೈ ಮುರಿಯಿತು, ಮೂರು ತಿಂಗಳು ಯಾವುದೋ ಬಂದರಿನ ಆಸ್ಪತ್ರೆಯಲ್ಲಿ ಬಿದ್ದಿದ್ದೆ, ಈಗ ಬೊಂಬಾಯಿಗೆ ಬಂದಿದ್ದೇನೆ ಎಂದು ನಿನ್ನ ಪತ್ರದಲ್ಲಿದೆ. ಬೆರಳು ಮಡಚಲು ಬರುತ್ತದೆಯೇ? ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರು ನೆಟ್ಟಗಿದ್ದರೆ ಉಳಿದೆರಡರ ಚಿಂತೆ ನಿನಗಿಲ್ಲವೆಂದು ನನಗೆ ಗೊತ್ತು. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಪರವಾಗಿ ಪತ್ರ ಬರೆದ ಪಾಣೆಮಂಗಳೂರಿನ ಮಹಮ್ಮದ್ ಕುಂಞಿಯವರಿಗೆ ನನ್ನ ಸಲಾಮು ಹೇಳು. ಅವರ ಅಕ್ಷರ ನಿನ್ನದಕ್ಕಿಂತ ನೂರು ಪಾಲು ಚಂದ. ಆ ಚಂದದ ಅಕ್ಷರವೇ ಇಲ್ಲಿ ಎಲ್ಲವನ್ನೂ ಕೆಡಿಸಿದೆ. ಅದನ್ನು ಮುಂದೆ ಹೇಳುತ್ತೇನೆ.

ಒಂದೂವರೆ ವರ್ಷ ನೀನು ಒಂದು ಕಾರ್ಡು ಹಾಕಲಿಲ್ಲ. ಬರೆಯುವಂಥ ಒಳ್ಳೆಯ ಸುದ್ದಿ ಇರಲಿಲ್ಲವಂತೆ. ಕೆಟ್ಟ ಸುದ್ದಿಯನ್ನೂ ಅಂಚೆಯವನು ತಂದುಕೊಡುತ್ತಾನೆ ಮಾರಾಯ, ಅವನಿಗೇನೂ ಭಾರವಾಗುವುದಿಲ್ಲ. ಅಮೆರಿಕದ ಯಾವುದೋ ಬಂದರಿನಲ್ಲಿ ಮೂವರು ಹುಡುಗರು ಜಗಲಿಯಲ್ಲಿ ಕುಳಿತು ಆ ದೇಶದ ಹಳ್ಳಿಯ ಸಂಗೀತ, ನಮ್ಮ ಬ್ಲೂಗ್ರಾಸ್, ಬಾರಿಸುವುದನ್ನು ಕಂಡೆ, ಮಳೆಯಲ್ಲಿ ನಿಂತು ಕೇಳಿದೆ, ಹಡಗು ತಪ್ಪುವುದರಲ್ಲಿತ್ತು ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲನ್ನು ಆಗಲೇ ಕಳಿಸಿದ್ದರೆ ಸಾಕಿತ್ತು. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಅದೇ ಸಾಲನ್ನು ಹತ್ತು ಸಲ ಓದಿದೆ.

ಅಮೆರಿಕದಿಂದ ಬೆಳ್ತಂಗಡಿ ಬ್ಲಾಕಿಗೆ ಕೋಳಿ ಸಾಕಣೆ ಕಲಿಸಲು ಬಂದ ಕಾರ್ಲ್, ಕೋಳಿಗಿಂತ ಹೆಚ್ಚು ನಿಮ್ಮಿಬ್ಬರನ್ನು ಸಾಕಿದ. ಭಾನುವಾರ ಬಂತೆಂದರೆ ನೀನು ಬ್ಯಾಂಜೊ, ಸಮದಣ್ಣ ಮ್ಯಾಂಡೊಲಿನ್, ಮೂಡುಬಿದಿರೆಯಲ್ಲಿ ಅವರ ಟೈಲರ್ ಅಂಗಡಿಯ ಹಲಗೆಬಾಗಿಲು ಅರ್ಧ ಮುಚ್ಚಿ ಕುಳಿತುಬಿಡುತ್ತಿದ್ದಿರಿ. ಕಾರ್ಲನ ಗ್ರಾಮಫೋನ್ ತಟ್ಟೆಯ ಮೇಲೆ ಬೆರಳಿಟ್ಟು ಅದರ ಓಟ ತಗ್ಗಿಸಿ, ಒಂದೊಂದೇ ಸ್ವರ ಹೆಕ್ಕಿ ಕಲಿತಿರಿ. ಪೌಡರ್ ಡಬ್ಬಿಯ ತಗಡು ಕತ್ತರಿಸಿ ತಂತಿ ಮೀಟಲು ಬೆರಳಿಗೆ ಉಗುರು ಮಾಡಿಕೊಂಡದ್ದು, ಮಳೆಗಾಲದಲ್ಲಿ ಬ್ಯಾಂಜೊದ ಚರ್ಮ ಸಡಿಲವಾದಾಗ ಒಲೆಯ ಬಳಿ ಹಿಡಿದು ಕಾಯಿಸಿದ್ದು, ಒಂದನ್ನೂ ನಾನು ಮರೆತಿಲ್ಲ. ಬ್ಲೂಗ್ರಾಸ್ ಎಂದರೆ ನೀಲಿ ಹುಲ್ಲೆಂದು ತಿಳಿದ ಅಮ್ಮ ಬೀಡಿ ಕಟ್ಟುತ್ತಾ, "ಹುಲ್ಲು ನೀಲಿಯಾದರೆ ದನ ಮುಟ್ಲಿಕ್ಕುಂಟಾ?" ಎಂದು ನಗುತ್ತಿದ್ದರು. ನೀನು ಮನೆಯಲ್ಲಿ ಬಾರಿಸುವಾಗ ನಾನು ಅವರ ಪಕ್ಕದಲ್ಲಿ ಬೀಡಿಯ ತಡ್ಪೆಮೊರ ತೊಡೆಯ ಮೇಲಿಟ್ಟುಕೊಂಡು, ನಿನ್ನ ಮೂರು ಬೆರಳು ಹೋದ ದಾರಿಯಲ್ಲೇ ನನ್ನ ಮೂರು ಬೆರಳನ್ನು ಅದರ ಅಂಚಿನ ಮೇಲೆ ಓಡಿಸುತ್ತಿದ್ದೆ. ನೀನು ಅದನ್ನು ಕಂಡೇ ಇಲ್ಲ. ಕಂಡಿದ್ದರೂ ಹೆಣ್ಣುಮಗಳ ಕೈಗೆ ಬ್ಯಾಂಜೊ ಕೊಡುತ್ತಿರಲಿಲ್ಲ. ಹಡಗಿನ ಉಪ್ಪುಗಾಳಿಗೆ ಹಾಳಾಗುತ್ತದೆಂದು ಅದನ್ನು ಬಿಟ್ಟು ಹೊರಟ ದಿನವೂ, "ಯಾರೂ ಮುಟ್ಟುವುದು ಬೇಡ, ಕಾರ್ಲನ ಊರಲ್ಲಿ ಕಲಿತು ಬರ್ತೇನೆ" ಎಂದೇ ಹೇಳಿ ಹೋದವನು ನೀನು.

ನಿನ್ನ ಕಾಗದ ನಿಂತ ಮೇಲೆ ಅಮ್ಮ ಉಣ್ಣುವುದನ್ನು ಬಿಟ್ಟರು. ಅಂಚೆಯವನ ಸೈಕಲ್ ಕಂಡರೆ ಎದ್ದು ನಿಲ್ಲುತ್ತಿದ್ದರು, ಅವನು ದಾಟಿಹೋದ ಮೇಲೂ ಹಾಗೆಯೇ ನಿಂತಿರುತ್ತಿದ್ದರು. ಕೊನೆಗೆ ರುಕ್ಮಯ್ಯ ಮಾವ ಶಿರ್ತಾಡಿಗೆ ಹೋಗಿ ಕವಡೆ ಹಾಕಿಸಿ ನೋಡಿಸಿದರು. ಹುಡುಗ ನೀರಿನಲ್ಲಿ ಹೋಗಿದ್ದಾನೆ, ದಾರಿ ಸಿಗದೆ ಅಲೆಯುತ್ತಿದ್ದಾನೆ, ಕರೆದು ಸೇರಿಸಿಕೊಳ್ಳಿ ಎಂದು ಬಂತು. ತಾಯಿಯ ಅಣ್ಣನ ಮಾತೆಂದರೆ ನಮ್ಮಲ್ಲಿ ಕೊನೆಯ ಮಾತು. ಮಾವ ನಿನ್ನನ್ನು ಹದಿನಾರಕ್ಕೆ ಸೇರಿಸಿದರು. ಸತ್ತ ಹಿರಿಯರ ಸಾಲಿನಲ್ಲಿ ಅಪ್ಪನ ಪಕ್ಕದಲ್ಲಿ ನಿನಗೂ ಜಾಗ ಆಯಿತು. ಇಪ್ಪತ್ತನಾಲ್ಕು ವರ್ಷದವನಿಗೆ. ನಾನು ಜಗಳ ಮಾಡಿದೆ ಅಣ್ಣ, ಅತ್ತುಬಿಟ್ಟೆ. ಯಾರೂ ಕೇಳಲಿಲ್ಲ.

ಆಟಿ ತಿಂಗಳ ಕೊನೆಯ ವಾರ, ದೀಪ ಹಚ್ಚುವ ಹೊತ್ತಿಗೆ, ಸತ್ತವರ ಕುಲೆಗಳಿಗೆ ಬಡಿಸುವ ಕ್ರಮ ಮಾಡಿದರು. ಅಜ್ಜ, ಅಜ್ಜಿ, ಅಪ್ಪ, ನೀನು, ಅಕ್ಕಿಮುಡಿ ಇಡುವ ಕೋಣೆಯಲ್ಲಿ ಒಟ್ಟು ನಾಲ್ಕು ಎಲೆ. ನಿನ್ನ ಎಲೆಗೆ ಕೋಳಿಸಾರು, ರೊಟ್ಟಿ ಮತ್ತು ನೀನು ಕೇಳಿ ಕೇಳಿ ತಿನ್ನುತ್ತಿದ್ದ ಒಣಮೀನಿನ ಚಟ್ನಿ. ಎಲೆಯ ಬಲಕ್ಕೆ ಬ್ಯಾಂಜೊ ಇಡಿಸಿದವರು ಮಾವ. ಮಾರನೆಯ ಬೆಳಿಗ್ಗೆ ಅದನ್ನು ಹೊಳೆಗೆ ಬಿಡುವುದೆಂದೂ ಅವರೇ ತೀರ್ಮಾನಿಸಿದ್ದರು. ಸತ್ತವರು ಉಣ್ಣುವಾಗ ಬದುಕಿದ್ದವರು ನೋಡಬಾರದಲ್ಲ, "ಬನ್ನಿ, ಉಣ್ಣಿ" ಎಂದು ಕರೆದು ಬಾಗಿಲು ಎಳೆದುಕೊಂಡು ಎಲ್ಲರೂ ಅಂಗಳಕ್ಕೆ ಇಳಿದರು. ಸಮದಣ್ಣನೂ ಬಂದು ದೂರದಲ್ಲಿ, ಬೇಲಿಯ ಹತ್ತಿರ ನಿಂತಿದ್ದರು. ಮಳೆ ಬಿಟ್ಟಿತ್ತು. ಆಗ ಒಳಗಿನಿಂದ ಬ್ಯಾಂಜೊ ಕೇಳಿತು. ಕಾರ್ಲ್ ಮೊಟ್ಟಮೊದಲು ಕಲಿಸಿದ ಆ ನಿಧಾನದ ಮಟ್ಟು. ಮೊದಲು ತಡವರಿಸಿ, ಆಮೇಲೆ ಹಿಡಿತ ಸಿಕ್ಕಿ. ಮಾವನ ಕೈಯ ಚೊಂಬು ಕೆಳಗೆ ಬಿತ್ತು. ಸಮದಣ್ಣ ಕಿವಿ ಮುಚ್ಚಿಕೊಂಡರು. ಅಮ್ಮ ಮಾತ್ರ ಅಲ್ಲಾಡಲಿಲ್ಲ, "ಬಂದ, ಉಂಡ" ಎಂದರು, ಅಷ್ಟೇ.

ಅಂದಿನಿಂದ ಅಮ್ಮ ಉಣ್ಣುತ್ತಾರೆ, ಮಲಗಿದರೆ ನಿದ್ದೆ ಬರುತ್ತದೆ, ಮೊದಲಿನಂತೆ ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಾರೆ. ಬ್ಯಾಂಜೊವನ್ನು ಹೊಳೆಗೆ ಬಿಡಲು ಒಪ್ಪಲಿಲ್ಲ. ಅದೇ ಕೋಣೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಸಂಜೆ ಬಾಗಿಲ ಹೊರಗೆ ಕುಳಿತು ನಿನ್ನೊಂದಿಗೆ ಮಾತಾಡುತ್ತಾರೆ. ಬೆಲ್ಲ ಮುಗಿಯಿತು, ಬೆಕ್ಕು ಮರಿ ಹಾಕಿತು, ಇಂಥವೇ ಮಾತು. ಮಾತಿನ ನಡುವೆ ನಿಲ್ಲಿಸಿ, ಉತ್ತರ ಕೇಳಿಸಿಕೊಂಡವರ ಹಾಗೆ ತಲೆಯಾಡಿಸುತ್ತಾರೆ.

ಹೀಗಿರುವಾಗ, ಹದಿನೈದು ದಿನ ಕಳೆದು ನಿನ್ನ ಪತ್ರ ಬಂತು. ನಾನು ಕುಣಿದಾಡಿ ಗಟ್ಟಿಯಾಗಿ ಓದಿದೆ. ದೀಪಾವಳಿಗೆ ಬರುತ್ತೇನೆ ಎಂಬಲ್ಲಿಗೆ ಬಂದಾಗ ಅಮ್ಮ ಕೈ ಚಾಚಿ ಕಾಗದ ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು. ಅವರಿಗೆ ಓದಲು ಬಾರದು, ಆದರೆ ನಿನ್ನ ಕಾಗೆಕಾಲಿನಂಥ ಅಕ್ಷರದ ಗುರುತುಂಟು. "ಇದು ಅವನ ಕೈ ಅಲ್ಲ" ಎಂದರು. ಕೈ ಮುರಿದ ಕತೆ ಎಷ್ಟು ಸಲ ಹೇಳಿದರೂ ತಲೆಗೆ ಹೋಗಲಿಲ್ಲ. ಮಾವನದು ಇನ್ನೂ ಒಂದು ಹೆಜ್ಜೆ ಮುಂದೆ. "ಬದುಕಿದ್ದವ ಎಲೆಯ ಮುಂದೆ ಕೂತು ಬಾರಿಸ್ತಾನಾ? ಯಾರೋ ಅವನ ಹೆಸರು ಹಿಡ್ಕೊಂಡು ಬರ್ತಾರೆ. ಹದಿನಾರಕ್ಕೆ ಸೇರಿದವ ಹೊಸ್ತಿಲು ದಾಟಿ ಬಂದ್ರೆ ಮನೆಯಲ್ಲಿ ಮತ್ತೊಬ್ಬರು ಹೋಗ್ತಾರೆ" ಎಂದರು. ನೀನು ಬಂದರೆ ಬಾಗಿಲು ತೆರೆಯುವುದಿಲ್ಲವೆಂದು ಅಮ್ಮನೂ ಮಾತು ಕೊಟ್ಟಿದ್ದಾರೆ. ಅಮ್ಮನ ಮನಸ್ಸು ಕಲ್ಲಾಯಿತೆಂದು ತಿಳಿಯಬೇಡ. ಮೊನ್ನೆ ಅಕ್ಕಿ ಆರಿಸುತ್ತಾ ನನ್ನ ಮುಖ ನೋಡದೆ ಹೇಳಿದರು: "ಬದುಕಿದ್ದಾನೆಂತ ಇನ್ನೊಮ್ಮೆ ನಂಬಿ, ಇನ್ನೊಮ್ಮೆ ಕಳ್ಕೊಳ್ಲಿಕ್ಕೆ ನನ್ನಿಂದ ಆಗುದಿಲ್ಲ ಮಗಾ."

ಆದ್ದರಿಂದ ನೇರ ಮನೆಗೆ ಬರಬೇಡ. ಹಗಲು ಹೊತ್ತಿನಲ್ಲಿ ಬಸ್ಸಿಳಿದು ಸಮದಣ್ಣನ ಅಂಗಡಿಗೆ ಹೋಗು. ಅವರೂ ಹೆದರಿದ್ದಾರೆ, ಆ ಸಂಜೆಯಿಂದ ಮ್ಯಾಂಡೊಲಿನ್ ಮುಟ್ಟಿಲ್ಲ. ಆದರೂ ನಿನ್ನ ಮುಖ ನೋಡಿದರೆ ನಂಬುತ್ತಾರೆ. ಅಷ್ಟರೊಳಗೆ ನಾನು ಅಮ್ಮನಿಗೆ ಹೇಳಬೇಕಾದ ಒಂದು ಮಾತಿದೆ, ಧೈರ್ಯ ಮಾಡುತ್ತೇನೆ.

ಮೈಕೈ ಜೋಪಾನ. ಅಪ್ಪನ ಆಶೀರ್ವಾದ ನಿನ್ನ ಬೆನ್ನಿಗಿರಲಿ. ಅಮ್ಮನದೂ ಇದೆ, ಈಗ ಬಾಗಿಲ ಆಚೆ ಇದೆ ಅಷ್ಟೇ.

ನಿನ್ನ
ಲೋಲಾಕ್ಷಿ

ವಿ.ಸೂ.: ಅಂಚೆ ಚೀಲ ಹೊರಡುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಆ ಸಂಜೆ ಬಾರಿಸಿದ್ದು ನಾನು. ಪಾತ್ರೆ ತೊಳೆಯಲು ಹಿಂದೆ ಹೋಗುತ್ತೇನೆಂದು ಹೇಳಿ, ಆ ಕೋಣೆಯ ಒಣಹುಲ್ಲಿನ ಅಕ್ಕಿಮುಡಿಯ ಮರೆಯಲ್ಲಿ ಅಡಗಿದ್ದೆ. ಅಮ್ಮನಿಗೆ ಸಮಾಧಾನವಾಗಲೆಂದು ಮಾಡಿದೆ ಎಂದರೆ ಅರ್ಧ ಸುಳ್ಳು. ಮರುದಿನ ಅದು ಹೊಳೆಗೆ ಹೋಗುವುದಿತ್ತು, ಒಮ್ಮೆಯಾದರೂ ನನ್ನ ಬೆರಳಿನಿಂದ ಅದು ಮಾತಾಡಬೇಕಿತ್ತು. ನಿನ್ನನ್ನು ಇಲ್ಲಿ ಸಾಯಿಸಿದವಳು ನಾನೇ, ಕ್ಷಮಿಸು. ಇದನ್ನು ಅಮ್ಮನಿಗೆ ಹೇಳಿಯೇ ಹೇಳುತ್ತೇನೆ. ಆದರೆ ಇನ್ನೊಂದುಂಟು. ನನಗೆ ಬರುವುದು ಆ ನಿಧಾನದ ಮಟ್ಟು ಒಂದೇ. ಅದನ್ನು ಎರಡು ಸಲ ಬಾರಿಸಿ, ಬ್ಯಾಂಜೊವನ್ನು ಎಲೆಯ ಬಲಕ್ಕೆ ಇಟ್ಟು, ಹಿಂದಿನ ಬಾಗಿಲಿನಿಂದ ಇಳಿದು, ಬಾವಿಯನ್ನೂ ಹಟ್ಟಿಯನ್ನೂ ಸುತ್ತಿ ಬಂದು ಅಮ್ಮನ ಬೆನ್ನ ಹಿಂದೆ ನಿಂತೆ. ಒಳಗೆ ಬಾರಿಸುವುದು ನಿಂತಿರಲಿಲ್ಲ. ಮಟ್ಟು ಬದಲಾಗಿತ್ತು, ನೀನು ಬಾರಿಸುವ ಓಟದಲ್ಲಿತ್ತು. ಅಮ್ಮ "ಬಂದ" ಎಂದದ್ದು ಆಗ, ನನ್ನದನ್ನು ಕೇಳಿ ಅಲ್ಲ. ಅಣ್ಣ, ಎಡಗೈಯಲ್ಲಾದರೂ ಸರಿ, ಯಾರಿಂದಲೂ ಬರೆಸದೆ ನೀನೇ ನನಗೊಂದು ಸಾಲು ಬರೆದು ಹಾಕು. ನಿನ್ನ ಪರ ಮಾತಾಡಲು ಈ ಮನೆಯಲ್ಲಿ ಉಳಿದವಳು ನಾನೊಬ್ಬಳೇ, ನನಗೂ ಈಗ ಹೆದರಿಕೆಯಾಗುತ್ತಿದೆ.