ಬಿದ್ದವನು ಏಳುವವರೆಗೆ ಕಾಯಬೇಡ

ಮನೆಯಿಂದ, ಕಿಟಕಿ ಪಕ್ಕದ ಮೇಜು
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆ ನರ್ಸಮ್ಮನಿಗೆ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತಾ? ರೋಗಿಗಳ ಸೊಂಟ ಹಿಡಿದು ನಡೆಸುವ ಗಲಾಟೆಯಲ್ಲಿ ನಿನ್ನದನ್ನು ಮರೆತಿರುತ್ತೀಯ ಎಂದು ಗೊತ್ತು, ಅದಕ್ಕೇ ಮೊದಲು ಕೇಳುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೇ? ನಾವು ಚೆನ್ನಾಗಿದ್ದೇವೆ. ಮಗಳು ನನ್ನ ಭುಜ ದಾಟಿದ್ದಾಳೆ. ನಿನ್ನ ಚಪ್ಪಲಿ ಕಾಲಿಗೆ ಸರಿಹೋಗುತ್ತದೆಂದು ಯಾರನ್ನೂ ಕೇಳದೆ ಹಾಕಿಕೊಂಡು ಓಡಾಡುತ್ತಾಳೆ. ನನ್ನ ಲಿಫ್ಟುಗಳೂ ಚೆನ್ನಾಗಿವೆ, ಅಂದರೆ ಎಂದಿನಂತೆ ಕೆಡುತ್ತಿವೆ. ಕೆಡದಿದ್ದರೆ ನನ್ನನ್ನು ಯಾರು ಕೇಳುತ್ತಾರೆ? ಇನ್ನು, ನೀನು ಮತ್ತೆರಡು ವರ್ಷ ಆ ದೂರದ ಊರಿನಲ್ಲೇ ಇರುವುದಕ್ಕೆ ಆಸ್ಪತ್ರೆಯವರು ಕೊಟ್ಟ ಕಾಗದದ ವಿಷಯ. ಸಹಿ ಹಾಕಲೋ ಬೇಡವೋ ಎಂದು ಹೋದ ವಾರ ಫೋನಿನಲ್ಲಿ ನೀನು ಕೇಳಿದೆ, ನಾನು "ನಿನ್ನಿಷ್ಟ" ಅಂದೆ. ಫೋನು ಹಿಡಿದರೆ ನನಗೆ ಬಾಯಿಯೇ ಬರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಆದರೆ ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀನು ಕಳಿಸಿದ ರಿಪ್ಲೇಗಳನ್ನೆಲ್ಲ, ಅಂದರೆ ನೀನು ವಿಡಿಯೋ ಗೇಮ್ ಆಡಿದ್ದರ ರೆಕಾರ್ಡಿಂಗುಗಳನ್ನೆಲ್ಲ, ನೋಡಿದೆ. ಮದುವೆಯಾದಾಗಿನಿಂದ "ಇಷ್ಟು ದೊಡ್ಡ ಗಂಡಸು, ಗುದ್ದಾಡೋ ಗೊಂಬೆಗಳ ಮುಂದೆ ಕೂತಿದ್ದೀರಲ್ಲ, ನಾಚ್ಕೆ ಆಗಲ್ವಾ?" ಎಂದು ನನ್ನ ಜೀವ ತಿಂದವಳು, ಈಗ ಡ್ಯೂಟಿ ಮುಗಿಸಿ ಹಾಸ್ಟೆಲ್ಲಿನ ಕೋಣೆಯಲ್ಲಿ ಅದೇ ಆಟ ಕಲಿಯುತ್ತಿದ್ದೀಯ ಎಂದರೆ ನಂಬುವುದಕ್ಕೇ ಆಗುವುದಿಲ್ಲ. ಏಕೆ ಎಂದು ಕೇಳಿದಾಗ ನೀನು ಹೇಳಿದ್ದು ಕಿವಿಯಲ್ಲಿ ಹಾಗೇ ಇದೆ: "ಆ ಢಿಶುಂ ಢಿಶುಂ ಕೇಳಿದ್ರೆ ನೀವು ಪಕ್ಕದ ರೂಮಲ್ಲೇ ಇದ್ದೀರ ಅನ್ಸುತ್ತೆ ಕಣ್ರೀ." ಒಟ್ಟಿಗೆ ಆಡೋಣವೆಂದರೆ ನಿನಗೆ ಬಿಡುವಾಗುವ ಹೊತ್ತಿಗೆ ನಾನು ಯಾವುದೋ ಕಟ್ಟಡದ ತಾರಸಿಯ ಮೇಲೆ, ಲಿಫ್ಟಿನ ಮೋಟರು ಕೋಣೆಯಲ್ಲಿ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡಿರುತ್ತೇನೆ. ಅಲ್ಲೇ, ಊಟದ ಡಬ್ಬಿ ಬಿಚ್ಚಿಟ್ಟುಕೊಂಡು, ಫೋನಿನಲ್ಲಿ ನಿನ್ನ ಗುದ್ದಾಟ ನೋಡುತ್ತೇನೆ.

ಮೊದಲು ಹೊಗಳಿಬಿಡುತ್ತೇನೆ, ಬೈಯುವ ಹಕ್ಕು ಆಮೇಲೆ ತಾನಾಗಿ ಬರುತ್ತದೆ. ಎದುರಾಳಿ ಮೇಲಿಂದ ಹಾರಿ ಬಂದಾಗ ಗಾಬರಿಯಾಗದೆ, ಕೆಳಗಿನಿಂದಲೇ ಗುದ್ದಿ ಉರುಳಿಸುತ್ತೀಯಲ್ಲ, ಶಭಾಷ್! ಅದು ನನ್ನ ಕೈಗೆ ಹತ್ತಲು ಬಹಳ ಕಾಲ ಹಿಡಿದಿತ್ತು. ಆದರೆ ಕಾಲಿಗೆ ಒದೆ ಬರುವಾಗಲೂ ನಿಂತುಕೊಂಡೇ ತಡೆಯುತ್ತೀಯ. ಬಗ್ಗಬೇಕು ಮಹಾತಾಯಿ, ಬಗ್ಗಿ ತಡೆಯಬೇಕು. ಸಿಕ್ಕ ಸಿಕ್ಕ ಗುಂಡಿಗಳನ್ನೆಲ್ಲ ಒಟ್ಟಿಗೆ ಕುಟ್ಟಬೇಡ. ಒಂದು ಒತ್ತು, ತಗುಲಿತೋ ಇಲ್ಲವೋ ನೋಡು, ತಗುಲಿದರೆ ಇನ್ನೊಂದು. ಅಲ್ಲ, ಆಟದಲ್ಲಿ ಅಷ್ಟೊಂದು ಚುರುಕಿನ ಹುಡುಗಿಯರಿರುವಾಗ ಆ ದೊಡ್ಡ ಹೊಟ್ಟೆಯ ಕುಸ್ತಿಯವನನ್ನೇ ಏಕೆ ಆರಿಸಿಕೊಂಡೆ? "ನಿಮ್ಮಪ್ಪನ ಥರಾನೇ ನಿಧಾನ, ನಂಗೆ ಅಭ್ಯಾಸ ಆಗಿದೆ" ಅಂದೆಯಂತೆ ಮಗಳ ಹತ್ತಿರ. ಇರಲಿ, ಇರಲಿ. ನನಗೂ ಒಂದು ಕಾಲ ಬರುತ್ತದೆ.

ನಿನ್ನ ದೊಡ್ಡ ತಪ್ಪು ಬೇರೆಯೇ ಇದೆ. ಇಂಥ ತಪ್ಪು ಮಾಡುವ ಇನ್ನೊಬ್ಬರನ್ನು ನಾನು ಈ ಆಟದಲ್ಲಿ ಕಂಡಿಲ್ಲ. ಎದುರಾಳಿ ನೆಲಕ್ಕೆ ಬಿದ್ದ ಕೂಡಲೇ ನೀನು ಹಿಂದೆ ಸರಿದು, ಅವನು ನೆಟ್ಟಗೆ ಎದ್ದು ನಿಲ್ಲುವವರೆಗೆ ಕೈಕಟ್ಟಿ ಕಾಯುತ್ತೀಯ! ಅವನೋ, ಎದ್ದವನೇ ನಿನ್ನ ಮುಖಕ್ಕೆ ಝಾಡಿಸಿ ಒದೆಯುತ್ತಾನೆ. ಇದನ್ನು ಹೇಳಿದ್ದಕ್ಕೆ, "ಬಿದ್ದೋರು ಏಳೋವಾಗ ಜಾಗ ಬಿಡ್ಬೇಕು ರೀ, ತಲೆ ಸುತ್ತುತ್ತಿರುತ್ತೆ ಪಾಪ" ಅಂದೆ. ಅಯ್ಯೋ ಪುಣ್ಯಾತ್ಗಿತ್ತಿ, ಅದು ನಿನ್ನ ವಾರ್ಡಲ್ಲ! ಮೂಳೆ ಮುರಿದವರನ್ನು ಎಬ್ಬಿಸಿ ನಿಲ್ಲಿಸಿ, ಎಬ್ಬಿಸಿ ನಿಲ್ಲಿಸಿ, ನಿನ್ನ ಕೈಗೆ ಅದೇ ರೂಢಿಯಾಗಿಬಿಟ್ಟಿದೆ. ಅವನು ಏಳುತ್ತಿರುವಾಗಲೇ ಹತ್ತಿರ ಹೋಗು, ಎದ್ದ ತಕ್ಷಣ ಹಿಡಿದು ಎಸೆ. ಈ ವಾರ ಇದೊಂದನ್ನೇ ಅಭ್ಯಾಸ ಮಾಡು. ಸೋತರೆ ಸೋಲು, ತಲೆ ಕೆಡಿಸಿಕೊಳ್ಳಬೇಡ. ಆ ರಿಪ್ಲೇಯನ್ನೂ ಕಳಿಸು.

ಈ ರಿಪ್ಲೇಗಳಲ್ಲಿ ನಿನ್ನ ಮುಖ ಕಾಣುವುದಿಲ್ಲ, ಆದರೂ ನೀನೇ ಕಾಣುತ್ತೀಯ. ಪ್ರತಿ ಸುತ್ತು ಶುರುವಾದಾಗಲೂ ನಿನ್ನ ಕುಸ್ತಿಯವನು ಒಂದು ಗಳಿಗೆ ಅಲ್ಲಾಡದೆ ನಿಲ್ಲುತ್ತಾನೆ. ನೀನು ಕನ್ನಡಕ ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದೀಯ ಎಂದು ನನಗೆ ತಿಳಿಯುತ್ತದೆ. ಮೊನ್ನೆಯದರಲ್ಲಿ ಮಾತ್ರ ಹೊಡೆತದ ಮೇಲೆ ಹೊಡೆತ ಬೀಳುತ್ತಿದ್ದರೂ ಅವನು ಬಹಳ ಹೊತ್ತು ಸುಮ್ಮನೆ ನಿಂತೇ ಇದ್ದ. ಟೀ ಕುಡಿಯುತ್ತಿದ್ದೆಯಾ? ಕಣ್ಣೊರೆಸಿಕೊಳ್ಳುತ್ತಿದ್ದೆಯಾ? ಆ ಜಾಗವನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದೆ. ಕೆಳಗಿನಿಂದ ಯಾರೋ ಲಿಫ್ಟಿಗೆ ಗಂಟೆ ಒತ್ತುತ್ತಲೇ ಇದ್ದರು, ನಾನು ಏಳಲಿಲ್ಲ. ನಿನ್ನನ್ನು ನೋಡಬೇಕು ಅನ್ನಿಸುತ್ತದೆ ಕಣೇ. ತುಂಬಾ ಅನ್ನಿಸುತ್ತದೆ.

ಮಗಳು ಕೈತೊಳೆದು ಬಂದು ಹಿಂದೆ ನಿಂತಿದ್ದಾಳೆ, ಇನ್ನು ಬರೆದದ್ದನ್ನೆಲ್ಲ ಓದುತ್ತಾಳೆ. ಅವಳ ಒಂದು ಮುತ್ತು ಇದರ ಜೊತೆಗಿದೆ. ಮಲಗುವ ಮುಂಚೆ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಳ್ಳುವುದನ್ನು ತಪ್ಪಿಸಬೇಡ.

ನಿನ್ನವನೇ ಆದ,
ಲಿಫ್ಟ್ ರಿಪೇರಿಯವನು

ತಾ.ಕ.: ಲಕೋಟೆಗೆ ಅಂಟು ಹಚ್ಚಿಯಾಗಿತ್ತು, ಬಿಚ್ಚಿ ಬರೆಯುತ್ತಿದ್ದೇನೆ. ಆ ಕಾಗದಕ್ಕೆ ಸಹಿ ಹಾಕಬೇಡ. ಬಂದುಬಿಡು. ಮೂಳೆ ಮುರಿದುಕೊಳ್ಳುವವರಿಗೆ ಇಲ್ಲೇನೂ ಬರವಿಲ್ಲ, ಕೆಲಸ ಸಿಗುತ್ತದೆ. ಇದನ್ನು ಓದಿಯೂ ಅಲ್ಲೇ ಇರಬೇಕೆನ್ನಿಸಿದರೆ ಇರು, ಮುಖ ಊದಿಸಿಕೊಳ್ಳುವುದಿಲ್ಲ. ಆದರೆ ನಾನು ಕರೆಯಲೇ ಇಲ್ಲ ಎಂದು ಮಾತ್ರ ಆಗಬಾರದು. ನಿನ್ನೆ ಹೋಗಿ, ಇಬ್ಬರೂ ಒಟ್ಟಿಗೆ ಆಡಲು, ಗೇಮಿನ ಇನ್ನೊಂದು ಕಂಟ್ರೋಲರ್ ತಂದೆ. "ತಗೊಂಡ್ಮೇಲೆ ವಾಪಸ್ ಇಲ್ಲ" ಎಂದ ಅಂಗಡಿಯವನು. "ವಾಪಸ್ ಕೊಡೋ ಮಾತೇ ಇಲ್ಲಪ್ಪ, ನನ್ನ ಹೆಂಡ್ತಿ ಬರ್ತಾಳೆ" ಅಂದುಬಿಟ್ಟಿದ್ದೇನೆ.